‘ಹಮ್ ದೇಖೇಂಗೆ’: ಕಿತ್ತ ಸಾಲು, ಬಿಟ್ಟ ಸಾಲು

2019ರ ಡಿಸೆಂಬರ್ 17ರಂದು ಕಾನ್ಪುರದ ಐಐಟಿಯಲ್ಲಿ ವಿದ್ಯಾರ್ಥಿಗಳು ಸಭೆ ಸೇರಿದ್ದರು. ಎರಡು ದಿನ ಮುಂಚೆ, ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆ ನಡೆದಿದ್ದಾಗ, ದೆಹಲಿಯ ಜಾಮಿಯಾ ಮಿಲ್ಲಿಯಾ ವಿಶ್ವವಿದ್ಯಾಲಯದ ಒಳಗೆ ಪೊಲೀಸರು ನುಗ್ಗಿದ್ದರು. ಅಲ್ಲಿ ಪೆಟ್ಟು ತಿಂದವರ ಪರವಾಗಿ ನಿಲ್ಲುವುದು ಸಭೆಯ ಉದ್ದೇಶವಾಗಿತ್ತು. ಪಾಕಿಸ್ತಾನದ ಉರ್ದು ಕವಿ ಫೈಜ್ ಅಹ್ಮದ್ ಫೈಜ್ ಅವರ ‘ಹಮ್ ದೇಖೇಂಗೆ’ (ನಾವು ನೋಡುತ್ತೇವೆ) ಕವಿತೆಯ ಸಾಲುಗಳನ್ನು ಅಲ್ಲಿ ಓದಲಾಯಿತು. ಸಂಸ್ಥೆಯ ಬೋಧಕರೊಬ್ಬರು ದೂರು ಕೊಟ್ಟರು. ವಿಗ್ರಹಗಳನ್ನೆಲ್ಲ ತೆಗೆಸಿಹಾಕುವ ಮಾತು, ಅಲ್ಲಾನ ಹೆಸರೊಂದೇ ಉಳಿಯುತ್ತದೆ ಎನ್ನುವ ಮಾತು ಇದರಲ್ಲಿದೆ, ಇದು ಹಿಂದೂಗಳ ವಿರುದ್ಧ ಎಂಬುದು ತಕರಾರು. ಸಂಸ್ಥೆ ಸಮಿತಿ ರಚಿಸಿತು. ತಾನು ವಿಚಾರಿಸುತ್ತಿರುವುದು ಕವಿತೆಯನ್ನಲ್ಲ, ಆ ದಿನದ ಸಭೆ ಮತ್ತು ನಂತರ ಜಾಲತಾಣಗಳಲ್ಲಿ ನಡೆದ ಮಾತುಗಳನ್ನು ಎಂದು ಸ್ಪಷ್ಟನೆಯನ್ನೂ ಕೊಟ್ಟಿತು. ಆದರೆ 2020ರ ಮಾರ್ಚ್‌ನಲ್ಲಿ ಹೊರಬಂದ ಅಭಿಪ್ರಾಯದಲ್ಲಿ, ಆ ಹೊತ್ತಿಗೆ ಆ ಜಾಗದಲ್ಲಿ ಅದನ್ನು ಓದಿದ್ದು ಸೂಕ್ತವಲ್ಲ ಎಂಬ ಮಾತಿತ್ತು.

ಇದೇ ಪದ್ಯ ಪಾಕಿಸ್ತಾನದಲ್ಲಿ ಇದಕ್ಕೆ ತದ್ವಿರುದ್ಧವಾದ ಕಾರಣಕ್ಕೆ ಆಳುವವರ ಕಣ್ಣು ಕೆಂಪಗಾಗಿಸಿತ್ತು. ಇಸ್ಲಾಮಿನ ಹೆಸರು ಹೇಳಿಕೊಂಡು ನಡೆಯುತ್ತಿದ್ದ ಸೇನಾಡಳಿತವನ್ನು ಇದು ಹಂಗಿಸುತ್ತದೆ ಎಂದು ಅಲ್ಲಿನ ಜನ ಇದನ್ನು ಎದೆಗೆ ಹಚ್ಚಿಕೊಂಡರು. ಗಡಿಯ ಆಚೆ ಮತೀಯ ಆಡಳಿತದ ವಿರೋಧಿ, ಈಚೆ ಹಿಂದೂ ವಿರೋಧಿ ಎಂದು ಒಂದೇ ಹಾಡನ್ನು ಓದುವುದು ಹೇಗೆ ಸಾಧ್ಯವಾಯಿತು?

ಕವಿತೆಗೆ ಅರ್ಥ ಕೊಡುವುದು ಓದುವವರಿಗೆ ಬಿಟ್ಟದ್ದು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನನಗದು ಒಪ್ಪಿಗೆಯಿಲ್ಲ. ಅರ್ಥ ನಾಲ್ಕಾರು ಇರಲಿ, ಪ್ರತಿಯೊಂದೂ ಪದ್ಯದ ಮುಂದಿನ ಸಾಲಿಗೆ ಉತ್ತರ ಕೊಡಬೇಕು. ಒಂದು ಸಾಲನ್ನು ಕಿತ್ತುಕೊಂಡು, ಅದರ ಬೆನ್ನಿಗೇ ಇರುವ ಸಾಲನ್ನು ಬಿಟ್ಟುಬಿಟ್ಟರೆ ಎಂಥ ಹಾಡನ್ನೂ ಯಾವ ಕಟಕಟೆಯಲ್ಲಾದರೂ ನಿಲ್ಲಿಸಬಹುದು. ಈ ಹಾಡಿಗೆ ಆಗಿರುವುದು ಬಹುಮಟ್ಟಿಗೆ ಅದೇ.

ಬರೆದವರು ಯಾರು, ಯಾವಾಗ

ಫೈಜ್ ಹುಟ್ಟಿದ್ದು 1911ರ ಫೆಬ್ರುವರಿ 13ರಂದು, ಸಿಯಾಲ್‌ಕೋಟ್ ಸೀಮೆಯಲ್ಲಿ. 1930ರ ದಶಕದಿಂದಲೇ ಪ್ರಗತಿಶೀಲ ಲೇಖಕರ ಚಳವಳಿಯಲ್ಲಿದ್ದರು. ದೇಶ ಹೋಳಾದ ಮೇಲೆ ಲಾಹೋರಿನಲ್ಲಿ ‘ಪಾಕಿಸ್ತಾನ್ ಟೈಮ್ಸ್’ ಪತ್ರಿಕೆಯ ಸಂಪಾದಕರಾಗಿದ್ದರು. 1951ರಲ್ಲಿ ಸರ್ಕಾರ ಉರುಳಿಸುವ ಸಂಚಿನ ಆರೋಪ ಹೊತ್ತು ರಾವಲ್ಪಿಂಡಿ ಪಿತೂರಿ ಮೊಕದ್ದಮೆಯಲ್ಲಿ ಜೈಲು ಸೇರಿ, ಹೊರಬಂದದ್ದು 1955ರಲ್ಲಿ. 1962ರಲ್ಲಿ ಸೋವಿಯತ್ ಒಕ್ಕೂಟ ಅವರಿಗೆ ಲೆನಿನ್ ಶಾಂತಿ ಪ್ರಶಸ್ತಿ ಕೊಟ್ಟಿತು. ಒಟ್ಟಿನಲ್ಲಿ ಧಾರ್ಮಿಕ ರಾಷ್ಟ್ರದ ವಕ್ತಾರ ಎಂದು ಯಾರೂ ಕರೆಯಲಾಗದ ಎಡಪಂಥೀಯ ಕವಿ. 1947ರ ಆಗಸ್ಟ್‌ನ ಸ್ವಾತಂತ್ರ್ಯವನ್ನೇ ಕಲೆ ಕಲೆಯಾದ ಬೆಳಕು ಎಂದು ಬರೆದವರು.

1977ರ ಜುಲೈ 5ರಂದು ಜನರಲ್ ಜಿಯಾ ಉಲ್ ಹಕ್ ಅಧಿಕಾರ ಕಿತ್ತುಕೊಂಡರು. ಆಡಳಿತವನ್ನು ಇಸ್ಲಾಮೀಕರಣ ಮಾಡುವುದೇ ತಮ್ಮ ಕೆಲಸ ಎಂದು ಸಾರಿದರು. 1979ರ ಫೆಬ್ರುವರಿಯಲ್ಲಿ ಧರ್ಮದ ಹೆಸರಿನಲ್ಲಿ ಕಠಿಣ ಶಿಕ್ಷೆ ವಿಧಿಸುವ ಹುದೂದ್ ಕಾನೂನುಗಳು ಬಂದವು. ಏಪ್ರಿಲ್ 4ರಂದು ಪದಚ್ಯುತ ಪ್ರಧಾನಿ ಭುಟ್ಟೊ ಅವರನ್ನು ಗಲ್ಲಿಗೇರಿಸಲಾಯಿತು. ಆ ವರ್ಷಗಳಲ್ಲಿ ಫೈಜ್ ಬಹುಪಾಲು ದೇಶದ ಹೊರಗಿದ್ದರು. ಬೈರೂತಿನಲ್ಲಿ ಕೂತು ಆಫ್ರಿಕಾ–ಏಷ್ಯಾ ಲೇಖಕರ ‘ಲೋಟಸ್’ ಪತ್ರಿಕೆ ನಡೆಸಿದರು. ‘ಹಮ್ ದೇಖೇಂಗೆ’ ಹುಟ್ಟಿದ್ದು 1979ರ ಜನವರಿಯಲ್ಲಿ, ಅವರು ಅಮೆರಿಕದಲ್ಲಿದ್ದಾಗ.

ಈ ತಿಂಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಅದೇ ಜನವರಿ 16ರಂದು ಇರಾನಿನ ದೊರೆ ಶಾ ದೇಶ ಬಿಟ್ಟು ಓಡಿದ್ದು. ಹಾಗಾಗಿ ಕಿರೀಟಗಳು ಗಾಳಿಗೆ ತೂರಿಹೋಗುತ್ತವೆ, ಸಿಂಹಾಸನಗಳು ಉರುಳುತ್ತವೆ ಎಂಬ ಸಾಲು ಟೆಹರಾನಿನತ್ತ ಕೈತೋರಿಸುತ್ತದೆ ಎಂದು ಓದುವವರಿದ್ದಾರೆ. ನಿಜಕ್ಕೂ ಆಗ ಕಣ್ಣೆದುರು ಉರುಳುತ್ತಿದ್ದ ಸಿಂಹಾಸನ ಅದೊಂದೇ. ಜಿಯಾ ಕೂತಿದ್ದು ಕುರ್ಚಿಯ ಮೇಲೆ, ತೊಟ್ಟಿದ್ದು ಸೇನೆಯ ಟೋಪಿ. ಈ ಓದನ್ನು ತಳ್ಳಿಹಾಕಲು ನನಗೆ ಕಾರಣ ಕಾಣುವುದಿಲ್ಲ. ಮುಂದೆ ಇರಾನಿನ ಕ್ರಾಂತಿ ಧರ್ಮಗುರುಗಳ ಕೈಗೆ ಹೋಗಿ ಅಲ್ಲಿನ ಎಡಪಂಥೀಯರನ್ನೇ ಅರೆದುಹಾಕಿತು ಎಂಬುದು ಕವಿತೆ ಬರೆಯುವ ಹೊತ್ತಿಗೆ ಇನ್ನೂ ನಡೆದಿರದ ಕಥೆ. ಆದರೆ ಪದ್ಯಕ್ಕೆ ಹೊಳಪು ಬಂದದ್ದು ಲಾಹೋರಿನಲ್ಲಿ. ಜನ ಇದನ್ನು ತಮ್ಮ ಊರಿನ ಸಿಂಹಾಸನಕ್ಕೆ ಹಾಡಿದರು.

ಕುರಾನಿನ ಚಿತ್ರಗಳು ಎಡಪಂಥೀಯ ಕವಿಯ ಕೈಯಲ್ಲಿ

ಹಾಡಾಗಿ ‘ಹಮ್ ದೇಖೇಂಗೆ’ ಎಂದು ಹೆಸರಾದ ಈ ಪದ್ಯಕ್ಕೆ ಫೈಜ್ ಇಟ್ಟ ಶೀರ್ಷಿಕೆ ಬೇರೆ. ಅದು ಕುರಾನಿನ 55ನೇ ಅಧ್ಯಾಯವಾದ ‘ರಹಮಾನ್’ನಿಂದ ಎತ್ತಿಕೊಂಡ ಅರಬ್ಬಿ ತುಣುಕು: ‘ವ ಯಬ್ಕಾ ವಜ್ಹು ರಬ್ಬಿಕ’. ಭೂಮಿಯ ಮೇಲಿನದೆಲ್ಲ ಅಳಿಯುತ್ತದೆ, ನಿನ್ನ ಪ್ರಭುವಿನ ಮುಖವೊಂದೇ ಉಳಿಯುತ್ತದೆ ಎಂಬ ವಚನದ ಭಾಗ. ‘ಅಲ್ಲಾನ ಹೆಸರೊಂದೇ ಉಳಿಯುತ್ತದೆ’ ಎಂಬ ಸಾಲಿನ ಬೇರು ಇಲ್ಲಿದೆ. ಅಂದರೆ ಅದು ಒಂದು ಧರ್ಮ ಮಿಕ್ಕ ಧರ್ಮಗಳನ್ನು ಗೆಲ್ಲುವ ಘೋಷಣೆಯಾಗಿ ಬಂದದ್ದಲ್ಲ. ರಾಜ, ಸೇನಾಪತಿ, ಸಂಪತ್ತು ಯಾವುದೂ ಶಾಶ್ವತವಲ್ಲ ಎಂಬ ಮಾತಾಗಿ ಬಂದದ್ದು.

ಪದ್ಯದ ಉದ್ದಕ್ಕೂ ಪ್ರಳಯದ ದಿನದ ಚಿತ್ರಗಳಿವೆ. ಆ ದಿನ ಬಂದೇ ಬರುತ್ತದೆಂದು ಕಾಲದ ಮೊದಲಲ್ಲೇ ಹಲಗೆಯ ಮೇಲೆ ಬರೆದಿಟ್ಟಿದೆ. ದೌರ್ಜನ್ಯದ ಭಾರಿ ಬೆಟ್ಟಗಳು ಹತ್ತಿಯಂತೆ ಹಾರಿಹೋಗುತ್ತವೆ. ಅಂತಿಮ ದಿನ ಬೆಟ್ಟಗಳು ಹಿಂಜಿದ ಉಣ್ಣೆಯಂತಾಗುತ್ತವೆ ಎಂದು ಕುರಾನಿನ 101ನೇ ಅಧ್ಯಾಯ ಹೇಳುತ್ತದೆ. ಫೈಜ್ ಉಣ್ಣೆಯನ್ನು ಹತ್ತಿ ಮಾಡಿದರು, ಬೆಟ್ಟಕ್ಕೆ ದೌರ್ಜನ್ಯ ಎಂದು ಹೆಸರಿಟ್ಟರು. ಆಳಿಸಿಕೊಳ್ಳುವವರ ಕಾಲಡಿ ನೆಲ ಧಡಧಡ ಬಡಿದುಕೊಳ್ಳುತ್ತದೆ, ಆಳುವವರ ನೆತ್ತಿಯ ಮೇಲೆ ಮಿಂಚು ಕಡಕಡ ಸಿಡಿಯುತ್ತದೆ. ಹೀಗೆ ಸತ್ತ ಮೇಲೆ ದೇವರ ಮುಂದೆ ನಡೆಯಬೇಕಿದ್ದ ತೀರ್ಪನ್ನು ಕವಿ ಈ ನೆಲಕ್ಕೆ, ಈ ಕಾಲಕ್ಕೆ ಇಳಿಸಿದರು. ಪಲ್ಲವಿಯ ಒತ್ತು ಇರುವುದು ಇದರ ಮೇಲೆ: ನಾವೂ ನೋಡುತ್ತೇವೆ, ನೋಡಿಯೇ ತೀರುತ್ತೇವೆ.

ದೇವರನ್ನು ನಂಬದ ಪಂಥದ ಕವಿಗೆ ಈ ಭಾಷೆ ಏಕೆ ಬೇಕಾಯಿತು ಎಂದು ಅವರ ಎಡಪಂಥೀಯ ಓದುಗರಲ್ಲೂ ಕೆಲವರು ಕೇಳಿದ್ದಾರೆ. ಉತ್ತರ ಜಿಯಾ ಅವರ ಭಾಷಣಗಳಲ್ಲಿತ್ತು. ಆಳುವವನು ದಿನ ಬೆಳಗಾದರೆ ಕುರಾನ್ ಹೆಸರೆತ್ತಿ ಬಾಯಿ ಮುಚ್ಚಿಸುತ್ತಿರುವಾಗ ಮಾರ್ಕ್ಸ್‌ನ ಮಾತು ಎತ್ತಿದರೆ ಅದು ಒಂದು ಗುಂಪಿನ ಒಳಗೇ ಉಳಿಯುತ್ತದೆ. ಅದೇ ಕುರಾನಿನ ಪ್ರಳಯವನ್ನು ತೆಗೆದು ‘ಈ ತೀರ್ಪು ನಿನಗೂ ಬರುತ್ತದೆ’ ಎಂದರೆ ಸಂತೆಯಲ್ಲಿ ನಿಂತವನಿಗೂ ತಿಳಿಯುತ್ತದೆ, ಆಳುವವನಿಗೂ ತಿಳಿಯುತ್ತದೆ. ಕನ್ನಡಿಗರಿಗೆ ಇದು ಹೊಸದೇನಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣ ‘ಉಳ್ಳವರು ಶಿವಾಲಯವ ಮಾಡುವರು’ ಎಂದಾಗ, ‘ಸ್ಥಾವರಕ್ಕಳಿವುಂಟು’ ಎಂದಾಗ, ಬಳಸಿದ್ದು ಭಕ್ತಿಯ ಭಾಷೆಯನ್ನೇ, ತಾಗಿದ್ದು ಹಣ ಮತ್ತು ಅಧಿಕಾರ ಕಟ್ಟಿದ ಭಕ್ತಿಯನ್ನೇ. ಆ ಸಾಲನ್ನು ಕೇಳಿ ದೇಗುಲ ಕೆಡವಲು ಕರೆ ಕೊಟ್ಟರು ಎಂದು ನಾವು ಓದುವುದಿಲ್ಲ. ಏಕೆಂದರೆ ಇಡೀ ವಚನ ನಮಗೆ ಬಾಯಿಪಾಠ.

ವಿಗ್ರಹದ ಸಾಲು

ಈಗ ಜಗಳದ ಸಾಲಿಗೆ ಬರೋಣ. ಉರ್ದುವಿನಲ್ಲಿ ಅದು ಹೀಗಿದೆ: ‘ಜಬ್ ಅರ್ಜ್-ಎ-ಖುದಾ ಕೇ ಕಾಬೇ ಸೇ ಸಬ್ ಬುತ್ ಉಠ್‌ವಾಯೇ ಜಾಯೇಂಗೇ’. ದೇವರ ಭೂಮಿಯೆಂಬ ಕಾಬಾದಿಂದ (ಮೆಕ್ಕಾದಲ್ಲಿರುವ, ಮುಸಲ್ಮಾನರ ಅತಿ ಪವಿತ್ರ ಮಂದಿರ) ಎಲ್ಲ ವಿಗ್ರಹಗಳನ್ನೂ ತೆಗೆಸಿಹಾಕಲಾಗುವುದು. ಇಲ್ಲಿಗೆ ನಿಲ್ಲಿಸಿದರೆ ದೂರು ಕೊಟ್ಟವರ ಓದು ಸಹಜವಾಗಿಯೇ ಕಾಣುತ್ತದೆ. ಕ್ರಿ.ಶ. 630ರಲ್ಲಿ ಪ್ರವಾದಿ ಮುಹಮ್ಮದ್ ಮೆಕ್ಕಾ ಗೆದ್ದು ಕಾಬಾದ ಒಳಗಿದ್ದ ವಿಗ್ರಹಗಳನ್ನು ತೆಗೆಸಿದ ಘಟನೆಯ ನೆನಪು ಈ ಸಾಲಿನಲ್ಲಿದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

ಆದರೆ ಇದರ ಜೋಡಿ ಸಾಲು ಹೀಗಿದೆ: ‘ಹಮ್ ಅಹ್ಲ್-ಎ-ಸಫಾ, ಮರ್ದೂದ್-ಎ-ಹರಮ್, ಮಸ್ನದ್ ಪೇ ಬಿಠಾಯೇ ಜಾಯೇಂಗೇ’. ಶುದ್ಧ ಮನಸ್ಸಿನ ನಾವು, ಪವಿತ್ರ ಸ್ಥಳದಿಂದ ಹೊರಗಟ್ಟಿಸಿಕೊಂಡ ನಾವು, ಗದ್ದುಗೆಯ ಮೇಲೆ ಕೂರಿಸಲ್ಪಡುತ್ತೇವೆ. ಈಗ ಕೇಳಿಕೊಳ್ಳಬೇಕು. ವಿಗ್ರಹಗಳು ಎಲ್ಲಿವೆ? ಕಾಬಾದ ಒಳಗೆ. ‘ನಾವು’ ಎಲ್ಲಿದ್ದೇವೆ? ಹೊರಗೆ. ನಮ್ಮನ್ನು ಹೊರಗಟ್ಟಿದವರು ಯಾರು? ಆ ಪವಿತ್ರ ಸ್ಥಳದ ಯಜಮಾನಿಕೆ ಹಿಡಿದು ಕೂತವರು. 1979ರ ಪಾಕಿಸ್ತಾನದಲ್ಲಿ ಆ ಜಾಗದಲ್ಲಿದ್ದವರು ಹಿಂದೂಗಳಲ್ಲ. ಧರ್ಮದ ಗುತ್ತಿಗೆ ಹಿಡಿದ ಸೇನಾಧಿಕಾರಿಗಳು ಮತ್ತು ಅವರಿಗೆ ಬೆಂಬಲ ಕೊಟ್ಟ ಧರ್ಮಪಂಡಿತರು. ಅವರೇ ಇಲ್ಲಿ ವಿಗ್ರಹಗಳು: ಪೂಜೆ ಮಾಡಿಸಿಕೊಳ್ಳುತ್ತಿರುವ, ಆದರೆ ದೇವರಲ್ಲದ ಅಧಿಕಾರಗಳು. ಯಾರು ಮುಸಲ್ಮಾನ, ಯಾರು ಅಲ್ಲ ಎಂದು ಅಂದಿನ ಸರ್ಕಾರ ತೀರ್ಮಾನ ಮಾಡುತ್ತಿತ್ತು. ಅಲ್ಲಿ ತಿರಸ್ಕೃತರಾದವರ ಪರವಾಗಿ ಫೈಜ್ ಮಾತಾಡುತ್ತಿದ್ದಾರೆ.

ಹೀಗೆ ಓದುವುದು ಈಗಿನ ಜಗಳಕ್ಕಾಗಿ ಕಟ್ಟಿಕೊಂಡ ಸಮರ್ಥನೆ ಅಲ್ಲ. ಉರ್ದು ಕಾವ್ಯದಲ್ಲಿ ಇದರ ಬಳಕೆ ಬಹಳ ಹಳೆಯದು. ಗಜಲುಗಳಲ್ಲಿ ವಿಗ್ರಹ ಎಂದರೆ ಎಷ್ಟೋ ಸಲ ಪ್ರೇಯಸಿ. ಕವಿ ಕಾಬಾದ ದಾರಿ ಬಿಟ್ಟು ವಿಗ್ರಹದ ಮನೆಯತ್ತ ಹೊರಡುತ್ತಾನೆ, ಮೌಲ್ವಿಯನ್ನು ಕೆಣಕುತ್ತಾನೆ. ಇನ್ನೊಂದು ದಿಕ್ಕಿನಲ್ಲಿ, ಸಿಯಾಲ್‌ಕೋಟಿನವರೇ ಆದ ಹಿರಿಯ ಕವಿ ಇಕ್ಬಾಲ್ ‘ವತನಿಯತ್’ (ದೇಶಾಭಿಮಾನ) ಪದ್ಯದಲ್ಲಿ ಆಧುನಿಕ ಕಾಲದ ಹೊಸ ದೇವರುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ದೇಶ ಎಂದರು. ರಾಷ್ಟ್ರಪ್ರೇಮವನ್ನೇ ವಿಗ್ರಹವೆಂದು ಕರೆದ ಪರಂಪರೆ ಅದು. ಫೈಜ್ ಬರೆದದ್ದು ಈ ಎರಡನ್ನೂ ಬಲ್ಲ ಓದುಗರಿಗೆ. ಅವರ ಮಗಳು ಸಲೀಮಾ ಹಾಶ್ಮಿ 2020ರ ಆರಂಭದಲ್ಲಿ, ಇದನ್ನು ಹಿಂದೂ ವಿರೋಧಿ ಎನ್ನುವುದು ನಗು ತರಿಸುವ ಮಾತು ಎಂದದ್ದು ಈ ಹಿನ್ನೆಲೆಯಿಂದ.

ಅಲ್ಲಾನ ಹೆಸರಿನ ಸಾಲಿಗೂ ಹಿಂದುಮುಂದು ಇದೆ. ಉಳಿಯುವ ಆ ಹೆಸರು ಎಂಥದ್ದು? ಕಣ್ಣಿಗೆ ಕಾಣದ್ದೂ ಹೌದು, ಎದುರಿಗೆ ಇರುವುದೂ ಹೌದು. ನೋಟವೂ ಅದೇ, ನೋಡುವವನೂ ಅದೇ. ಅದರ ಬೆನ್ನಿಗೇ ‘ಅನಲ್ ಹಕ್’ ಎಂಬ ಕೂಗು ಏಳುತ್ತದೆ. ‘ನಾನೇ ಸತ್ಯ’ ಎಂಬ ಈ ಮಾತು ಸೂಫಿ ಮನ್ಸೂರ್ ಅಲ್ ಹಲ್ಲಾಜ್‌ನದು. ದೇವರಿಗೆ ಸಲ್ಲುವ ಹೆಸರನ್ನು ತನಗೆ ಹೇಳಿಕೊಂಡ ಎಂಬ ಆರೋಪ ಅವನ ಮೇಲೆ ಬಂತು. 922ರಲ್ಲಿ ಬಾಗ್ದಾದಿನ ಆಡಳಿತ ಅವನನ್ನು ಕೊಂದಿತು. ‘ಅಹಂ ಬ್ರಹ್ಮಾಸ್ಮಿ’ ಕೇಳಿ ಬೆಳೆದವರಿಗೆ ಇದರ ಧಾಟಿ ಅಪರಿಚಿತವಲ್ಲ. ಕಟ್ಟುನಿಟ್ಟಿನ ಧರ್ಮರಾಜ್ಯವೊಂದನ್ನು ಸ್ವಾಗತಿಸುವ ಕವಿಯಾಗಿದ್ದರೆ ಅಂಥ ಆಡಳಿತ ಕೊಲ್ಲಿಸಿದವನ ಮಾತನ್ನು ತನ್ನ ಪದ್ಯದ ತುತ್ತತುದಿಯಲ್ಲಿ ಇಡುತ್ತಿರಲಿಲ್ಲ. ಇಟ್ಟದ್ದಷ್ಟೇ ಅಲ್ಲ, ‘ಅದು ನಾನೂ ಹೌದು, ನೀನೂ ಹೌದು’ ಎಂದು ಎಲ್ಲರಿಗೂ ಹಂಚಿದರು. ಈ ಪದ್ಯದ ಬಗ್ಗೆ ನನಗಿರುವ ಪ್ರೀತಿಯ ಬಹುಪಾಲು ಈ ಒಂದು ಜಿಗಿತಕ್ಕೆ ಸಲ್ಲಬೇಕು.

ಆನಂತರ ಬರುವುದು ‘ಔರ್ ರಾಜ್ ಕರೇಗೀ ಖಲ್ಕ್-ಎ-ಖುದಾ’: ದೇವರ ಜನ ಆಳುತ್ತಾರೆ. ಕಂಪನಿ ಸರ್ಕಾರದ ಕಾಲದಲ್ಲಿ ಉತ್ತರ ಭಾರತದ ಊರುಗಳಲ್ಲಿ ಡಂಗುರ ಸಾರುವವನು ಒಂದು ಸೂತ್ರ ಹೇಳಿ ಮಾತು ಶುರುಮಾಡುತ್ತಿದ್ದ: ಜನ ದೇವರದು, ದೇಶ ಬಾದಶಹನದು, ಹುಕುಂ ಕಂಪನಿ ಬಹಾದೂರರದು. ಫೈಜ್ ಅವರ ಸಾಲಿನ ಹಿಂದೆ ನನಗೆ ಆ ಡಂಗುರದ ದನಿ ಕೇಳುತ್ತದೆ. ಅಲ್ಲಿ ಜನಕ್ಕೆ ದೇವರೊಬ್ಬನೇ ಗತಿ, ಹುಕುಂ ಬೇರೆಯವರದು. ಇಲ್ಲಿ ಹುಕುಂ ಜನರ ಕೈಗೇ ಬಂದಿದೆ. ಸೂಫಿ ಓದು, ಸಮಾಜವಾದಿ ಓದು ಎಂದು ಬೇರೆ ಬೇರೆ ಮಾಡಿ ಹೇಳುವವರು ಈ ಎರಡು ಸಾಲುಗಳ ನಡುವೆ ಗೆರೆ ಎಳೆಯಲು ಹೋಗುತ್ತಾರೆ. ಪದ್ಯ ಎಳೆಯಗೊಡುವುದಿಲ್ಲ. ಎರಡಕ್ಕೂ ಕೊನೆಯ ತುಣುಕು ಒಂದೇ, ‘ನಾನೂ ಹೌದು, ನೀನೂ ಹೌದು’.

ಹಾಡಾದದ್ದು

ಫೈಜ್ 1984ರ ನವೆಂಬರ್ 20ರಂದು ಲಾಹೋರಿನಲ್ಲಿ ತೀರಿಕೊಂಡರು. ಅವರು ಹೋದ ಮೇಲೆ, ಅವರ ಹುಟ್ಟುದಿನದ ನೆನಪಿಗೆ ಅಲ್ಲಿನ ಅಲ್‌ಹಮ್ರಾ ಸಭಾಂಗಣದಲ್ಲಿ ನಡೆದ ಕಾರ್ಯಕ್ರಮದಲ್ಲಿ ಗಾಯಕಿ ಇಕ್ಬಾಲ್ ಬಾನೊ ಇದನ್ನು ಹಾಡಿದರು. ಜಿಯಾ ಆಡಳಿತಕ್ಕೆ ಹಿಡಿಸದ ಸೀರೆಯನ್ನೇ ಉಟ್ಟು, ಅದೂ ಕಪ್ಪು ಸೀರೆ ಉಟ್ಟು ಬಂದಿದ್ದರು ಎಂಬ ಕಥೆ ಹಾಡಿನ ಜೊತೆಗೇ ಊರೂರು ಸುತ್ತಿದೆ. ಅಂದಿನ ಧ್ವನಿಮುದ್ರಣ ಕೇಳಿದವರಿಗೆ ಗೊತ್ತು, ಅದರಲ್ಲಿ ಇರುವುದು ಗಾಯಕಿಯ ದನಿ ಮಾತ್ರವಲ್ಲ. ತಬಲಾದ ಲಯಕ್ಕೆ ಸಭೆಯ ಚಪ್ಪಾಳೆ ಸೇರಿಕೊಳ್ಳುತ್ತದೆ. ಕಿರೀಟ, ಸಿಂಹಾಸನಗಳ ಸಾಲು ಬರುತ್ತಿದ್ದಂತೆ ಕೂಗು ಮುಗಿಲು ಮುಟ್ಟುತ್ತದೆ, ಹಾಡು ಮುಂದೆ ಹೋಗಲಾರದೆ ಕಾಯುತ್ತದೆ. ಜನ ಯಾವ ಸಾಲಿಗೆ ಸಿಡಿದರು ಎಂಬುದೇ ಆ ರಾತ್ರಿಯ ವ್ಯಾಖ್ಯಾನ. ವಿಗ್ರಹದ ಸಾಲನ್ನು ಅವರು ದಾಟಿಕೊಂಡು ಬಂದರು, ಸಿಂಹಾಸನದ ಸಾಲಿಗೆ ಎದ್ದು ನಿಂತರು.

ಅದನ್ನು ಹಾಡಿದ್ದು ಹೆಂಗಸು ಎಂಬುದೂ ಅರ್ಥವನ್ನು ಬದಲಿಸಿತು. 1983ರ ಫೆಬ್ರುವರಿ 12ರಂದು ಅದೇ ಲಾಹೋರಿನಲ್ಲಿ ಮಹಿಳೆಯರು ಬೀದಿಗಿಳಿದಿದ್ದರು. ಸಾಕ್ಷ್ಯ ಕಾನೂನಿನಲ್ಲಿ ಹೆಣ್ಣಿನ ಮಾತಿಗೆ ಗಂಡಿನ ಮಾತಿನ ಅರ್ಧ ಬೆಲೆ ಕಟ್ಟುವ ಪ್ರಸ್ತಾಪಕ್ಕೆ ವಿರೋಧವಾಗಿ ಹೊರಟ ಮೆರವಣಿಗೆ ಅದು. ಪೊಲೀಸರು ಲಾಠಿ ಬೀಸಿದರು. ಇದಾದ ಮೇಲೆ ‘ಪವಿತ್ರ ಸ್ಥಳದಿಂದ ಹೊರಗಟ್ಟಿಸಿಕೊಂಡ ನಾವು’ ಎಂದು ಒಬ್ಬ ಗಾಯಕಿ ಹಾಡಿದಾಗ, ಆ ‘ನಾವು’ ಎಂಬುದರಲ್ಲಿ ಫೈಜ್ ಬರೆಯುವಾಗ ಕಂಡಿದ್ದಕ್ಕಿಂತ ಹೆಚ್ಚು ಜನ ಇದ್ದರು.

ಧ್ವನಿಸುರುಳಿಯ ಪ್ರತಿಗಳು ಕೈಯಿಂದ ಕೈಗೆ ಹೋದವು. ಗಡಿ ದಾಟಿ ಭಾರತಕ್ಕೆ ಬಂದ ಹಾಡು ಇಲ್ಲಿನ ಎಡಪಂಥೀಯ ಸಂಘಟನೆಗಳ, ವಿದ್ಯಾರ್ಥಿ ಸಭೆಗಳ ಮಾಮೂಲಿ ಹಾಡಾಯಿತು. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಎದ್ದ ಪ್ರತಿಭಟನೆಗಳಲ್ಲಿ ಹಲವು ಭಾಷೆಗಳಲ್ಲಿ ಕೇಳಿಬಂತು. 2022ರ ‘ದಿ ಕಾಶ್ಮೀರ್ ಫೈಲ್ಸ್’ ಸಿನಿಮಾ ಇದೇ ಹಾಡನ್ನು ಈ ಪ್ರತಿಭಟನೆಯ ಸಂಸ್ಕೃತಿಯ ವಿರುದ್ಧ ನಿಲ್ಲಿಸಿ ತೋರಿಸಿತು.

ನೋವಾಗುತ್ತದೆ ಎನ್ನುವವರಿಗೆ

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆಕ್ಷೇಪಕ್ಕೆ ಗೌರವ ಕೊಡಬೇಕು. ಉರ್ದು ಕಾವ್ಯದ ಹಿನ್ನೆಲೆ ಗೊತ್ತಿಲ್ಲದ, ಮನೆಯಲ್ಲಿ ದಿನವೂ ವಿಗ್ರಹಕ್ಕೆ ಹೂವೇರಿಸುವ ಒಬ್ಬ ವ್ಯಕ್ತಿ ಈ ಸಾಲು ಕೇಳಿ ಮುದುಡಿಕೊಂಡರೆ ಅವರು ದುರುದ್ದೇಶದವರು ಎಂದು ನಾನು ಹೇಳಲಾರೆ. ಗುಡಿಗಳನ್ನು ಕೆಡವಿದ ನೆನಪುಗಳೂ ಈ ನೆಲದಲ್ಲಿವೆ. ಒಂದು ಸಮುದಾಯದ ಒಳಗೆ ಆಳುವವರಿಗೆ ತಿರುಗೇಟಾಗಿದ್ದ ಚಿತ್ರ, ಬಹುಸಂಖ್ಯಾತರು ಬೇರೆಯಿರುವ ದೇಶಕ್ಕೆ ಬಂದಾಗ ಅದೇ ತೂಕದಲ್ಲಿ ಉಳಿಯುವುದಿಲ್ಲ. ಅಂಥವರಿಗೆ ಹಾಡುವವರು ವಿವರಿಸಬೇಕು, ಸಿಟ್ಟಾಗಬಾರದು. ವಿವರಣೆ ಕೇಳಿದ ಮೇಲೂ ‘ನನಗೆ ಇಷ್ಟವಾಗಲಿಲ್ಲ’ ಎನ್ನುವ ಹಕ್ಕು ಅವರಿಗಿದೆ. ಅದನ್ನು ಇಷ್ಟಪಡದಿರುವುದು ಬೇರೆ, ಅದು ಹೇಳದ ಮಾತನ್ನು ಅದರ ಬಾಯಿಗೆ ತುರುಕಿ ವಿಚಾರಣೆಗೆ ಎಳೆಯುವುದು ಬೇರೆ.

2025ರ ಮೇ ತಿಂಗಳಲ್ಲಿ ನಾಗಪುರದಲ್ಲಿ ನಟ, ಹೋರಾಟಗಾರ ವೀರಾ ಸಾಥಿದಾರ್ ಅವರ ಸ್ಮರಣೆಯ ಕಾರ್ಯಕ್ರಮದಲ್ಲಿ ಇದನ್ನು ಹಾಡಿದ್ದಕ್ಕೆ ಪೊಲೀಸರು ಮೊಕದ್ದಮೆ ದಾಖಲಿಸಿದರು. ದೇಶದ ಸಾರ್ವಭೌಮತೆಗೆ ಧಕ್ಕೆ ತರುವ ಕೃತ್ಯಗಳ ಕುರಿತ ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಮನ್ನೂ ಹಾಕಿದರು. ದೂರಿನಲ್ಲಿ ಎತ್ತಿಕೊಂಡದ್ದು ಸಿಂಹಾಸನ ಅಲುಗಾಡಿಸುವ ಮಾತನ್ನು, ಜೊತೆಗೆ ಪಾಕಿಸ್ತಾನದ ಕವಿ ಎಂಬುದನ್ನು. ಈ ಓದಿನಲ್ಲಿ ವಿಗ್ರಹದ ಪ್ರಶ್ನೆಯೇ ಹಿಂದೆ ಸರಿದು, ಲಾಹೋರಿನ ಸಭೆ ಎದ್ದು ನಿಂತ ಸಾಲೇ ಮುಂದೆ ಬಂದಿದೆ. ಅಲ್ಲಿಗೂ ಇಲ್ಲಿಗೂ ಸಾಲಿನ ಅರ್ಥ ಒಂದೇ. ಅದನ್ನು ಕೇಳಿದವರು ಸಿಂಹಾಸನದ ಯಾವ ಬದಿಯಲ್ಲಿ ನಿಂತಿದ್ದರು ಎಂಬುದಷ್ಟೇ ಬೇರೆ.

ಹಾಡನ್ನು ಮೆಚ್ಚುವವರೂ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದು ಇದೇ ಸಾಲಿನ ಸುತ್ತ ಇದೆ. ‘ನಮ್ಮನ್ನು ಗದ್ದುಗೆಗೆ ಏರಿಸುತ್ತಾರೆ’ ಎಂದು ಹೇಳಿದ ಕವಿ ಮರುಕ್ಷಣವೇ ‘ಎಲ್ಲ ಸಿಂಹಾಸನ ಉರುಳುತ್ತವೆ’ ಎನ್ನುತ್ತಾರಲ್ಲ, ಹಾಗಾದರೆ ನಾವು ಏರಿದ ಗದ್ದುಗೆ? ‘ಎಲ್ಲ’ ಎಂದರೆ ಅದೂ ಸೇರಿತು. ಗೆದ್ದವರು ಸೋತವರ ಕುರ್ಚಿಯಲ್ಲಿ ಕೂತು ನಿಶ್ಚಿಂತರಾಗಲು ಪದ್ಯ ಬಿಡುವುದಿಲ್ಲ. ಟೆಹರಾನಿನ ಗೆಲುವಿನ ಹೊತ್ತಿಗೇ ಬರೆದ ಪದ್ಯದಲ್ಲಿ ಈ ಸಾಲುಗಳು ಈ ಕ್ರಮದಲ್ಲಿ ಬಂದದ್ದನ್ನು ನಾನು ಆಕಸ್ಮಿಕ ಎಂದು ಓದಲಾರೆ. ಇದನ್ನು ಪಕ್ಷದ ವೇದಿಕೆಯಲ್ಲಿ ಹಾಡಿಸುವ ಯಾವ ಬಣ್ಣದ ಪಕ್ಷವೂ ಗದ್ದುಗೆಯ ಸಾಲಿಗೆ ಹಾಡು ನಿಲ್ಲಿಸುವಂತಿಲ್ಲ.